ಬೋರಿಗೆ ಬಂದ ಕಾಂಟೆಸ್ಸಾ

‘ಬೋರಿಗೆ ಬಂದೈತ್ರಿ ಗೌಡ್ರೆ.’

ಕೂಡ್ಲಿಗಿಯಿಂದ ಹೂವಿನಹಡಗಲಿವರೆಗೆ ಹಳೇ ಗಾಡಿ ಇಟ್ಟುಕೊಂಡವರ ಕಿವಿಗೆ ಒಂದಲ್ಲ ಒಂದು ದಿನ ಬೀಳುವ ಮಾತಿದು. ಸಿಲಿಂಡರಿನ ಒಳಗೋಡೆ ಸವೆದಿದೆ, ಪಿಸ್ಟನ್ನಿನ ರಿಂಗುಗಳು ಗೋಡೆ ಹಿಡಿಯುತ್ತಿಲ್ಲ, ಆಯಿಲ್ ಮೇಲೆ ಹತ್ತಿ ಉರಿದು ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದೆ ಎಂಬುದೆಲ್ಲ ಆ ಒಂದೇ ಮಾತಿನೊಳಗಿದೆ. ಟ್ರ್ಯಾಕ್ಟರಿನ ವಿಷಯದಲ್ಲಾದರೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಲೇತಿಗೆ ಕಳಿಸಿ, ಬೋರ್ ಮಾಡಿಸಿ, ಬಿತ್ತನೆಗೆ ಮೊದಲು ಹೊಲಕ್ಕಿಳಿಸುತ್ತಾರೆ. ಮನೆ ಮುಂದೆ ನಿಂತಿರುವುದು ಹಿಂದೂಸ್ತಾನ್ ಕಾಂಟೆಸ್ಸಾ ಆಗಿದ್ದರೆ ಮಾತ್ರ ಪಂಚಾಯ್ತಿ ಶುರು. ಇದನ್ನೇ ಬೋರ್ ಮಾಡಿಸುವುದೋ, ಗುಜರಿಯಿಂದ ಇನ್ನೊಂದು ತರುವುದೋ, ಡೀಸೆಲ್ ಕೂರಿಸುವುದೋ? ಮಗ ಮೊಬೈಲಿನಲ್ಲಿ ತೋರಿಸುತ್ತಿರುವ ಜಪಾನಿನ ಆರು ಸಿಲಿಂಡರಿನ ಎಂಜಿನ್ನಿಗೆ ಆಸೆಪಡುವುದೋ?

ಕಾಂಟೆಸ್ಸಾವನ್ನು ಭಾರತದ ಮಸಲ್ ಕಾರು ಎನ್ನುವ ರೂಢಿ ಇದೆ. ಉದ್ದನೆಯ ಬಾನೆಟ್ಟು, ಅಗಲವಾದ ಮೈ, ಹಿಂದಿನ ಚಕ್ರಗಳನ್ನು ತಿರುಗಿಸುವ ರಚನೆ ನೋಡಿದರೆ ಆ ಹೆಸರು ಒಪ್ಪುತ್ತದೆ. ಆದರೆ ಮಸಲ್ ಕಾರು ಎಂಬ ಜಾತಿಯೇ ಹುಟ್ಟಿದ್ದು ಎಂಜಿನ್ ಅದಲುಬದಲಿನಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂದು ತಾನೇ ಕಟ್ಟು ಮಾಡಿಕೊಂಡಿತ್ತು. ಅದರ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು ದೊಡ್ಡ ಕಾರುಗಳಿಗೆ ಹಾಕುತ್ತಿದ್ದ 389 ಘನ ಅಂಗುಲದ, ಅಂದರೆ 6.4 ಲೀಟರಿನ ವಿ8 ಎಂಜಿನ್ನನ್ನು ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಕಾರಿನೊಳಗೆ ಇಳಿಸಿದರು. ಹೊಸ ಮಾದರಿ ಎನ್ನದೆ, ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಪರಿಕರವೆಂದು ಹೇಳಿ ಕಟ್ಟನ್ನು ದಾಟಿದರು. ಅದೇ 1964ರ ಪಾಂಟಿಯಾಕ್ ಜಿಟಿಒ, 325 ಅಶ್ವಶಕ್ತಿಯದು. ಇದು ಸಲೀಸಾಗಿ ಆದದ್ದಕ್ಕೆ ಕಾರಣ ಇಷ್ಟೇ: ಆ ಕಾರಿಗೆ ಮೊದಲೇ ಇದ್ದ ಚಿಕ್ಕ ವಿ8ಕ್ಕೂ ದೊಡ್ಡದಕ್ಕೂ ಹೊರಗಿನ ಅಳತೆ ಒಂದೇ. ಮೌಂಟಿಂಗ್ ಅದೇ, ಕೂರುವ ಜಾಗವೂ ಅದೇ, ಒಳಗಿನ ಬೋರು ಮಾತ್ರ ದೊಡ್ಡದು. ಎಂಜಿನ್ ಆರಿಸುವವರು ಅಶ್ವಶಕ್ತಿಗಿಂತ ಮೊದಲು ಮೌಂಟಿಂಗ್ ನೋಡಬೇಕು ಎಂದು ನಾನು ಹೇಳುವುದಕ್ಕೆ ಜಿಟಿಒಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಮ್ಮ ಕಾಂಟೆಸ್ಸಾದ ಕಥೆ ಇದಕ್ಕೆ ಉಲ್ಟಾ. ಅದರ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಎಕ್ಸ್ ಕಾರಿನದು. ಅಲ್ಲಿ ಆ ಕಾರು 1759 ಸಿಸಿ ಮತ್ತು 2279 ಸಿಸಿಯ ಎಂಜಿನ್ನುಗಳಲ್ಲಿ ಓಡುತ್ತಿತ್ತು. ಅಲ್ಲಿ ತಯಾರಿಕೆ ನಿಂತ ಮೇಲೆ ಹಿಂದೂಸ್ತಾನ್ ಮೋಟರ್ಸ್ ಅದರ ಅಚ್ಚುಗಳನ್ನು ಬಂಗಾಳದ ಉತ್ತರಪಾರಾಕ್ಕೆ ತಂದು 1984ರಲ್ಲಿ ಕಾಂಟೆಸ್ಸಾ ಹೊರತಂದಿತು. ಎಂಜಿನ್ ಮಾತ್ರ ಕೈಯಲ್ಲಿದ್ದದ್ದನ್ನೇ ಹಾಕಿತು. ಅಂಬಾಸಡರಿನಲ್ಲಿ ದಶಕಗಳಿಂದ ಓಡುತ್ತಿದ್ದ, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಮೂಲದ 1489 ಸಿಸಿ ಎಂಜಿನ್ ಅದು, ಸುಮಾರು 50 ಅಶ್ವಶಕ್ತಿಯದು. ಟನ್ನಿಗೂ ಮೀರಿದ ಗಾಡಿ, ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು. ಏರು ಬಂದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಕಂಪನಿಗೂ ಅದು ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ನು ಐದು ಗೇರಿನ ಬಾಕ್ಸಿನ ಸಮೇತ ಬಂತು. ಬಾನೆಟ್ಟಿನಡಿ ಸುಮಾರು 88 ಅಶ್ವಶಕ್ತಿ. ಕಾಂಟೆಸ್ಸಾ ಕ್ಲಾಸಿಕ್ ಎಂಬ ಹೆಸರು. ಮುಂದೆ ಇಸುಜುವಿನದೇ 2.0 ಲೀಟರ್ ಡೀಸೆಲ್ ಕೂಡ ಸೇರಿತು. 2002ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೇ ಮೈಗೆ ಕಾರ್ಖಾನೆಯೇ ಮೂರು ಹೃದಯ ಕೂರಿಸಿ ನೋಡಿತ್ತು.

ಮೊದಲೆರಡು ಎಂಜಿನ್ನುಗಳ ನಡುವಿನ ವ್ಯತ್ಯಾಸ ಬರೀ ಸಿಸಿಯದಲ್ಲ. ಹಳೆಯ 1489ರ ಸಿಲಿಂಡರಿನ ಬೋರು 73 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅಂದರೆ ಸ್ಟ್ರೋಕು, 88.9 ಮಿಲಿಮೀಟರ್. ಕೊಳವೆಯಂತೆ ಕಿರಿದು, ಉದ್ದ. ಇಸುಜುವಿನದು 84ಕ್ಕೆ 82, ಹೆಚ್ಚು ಕಡಿಮೆ ಚೌಕ. ನಿಮಿಷಕ್ಕೆ 4,000 ಸುತ್ತು ತಿರುಗಿದಾಗ ಹಳೆಯದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 11.9 ಮೀಟರ್ ಓಡುತ್ತದೆ, ಇಸುಜುವಿನದು 10.9 ಮೀಟರ್. ಅದೇ ಸುತ್ತಿಗೆ ಪಿಸ್ಟನ್ ಕಡಿಮೆ ಓಡಿದರೆ ತಿಕ್ಕಾಟವೂ ಕಡಿಮೆ, ಸವೆತವೂ ಕಡಿಮೆ. ಕಾರ್ಖಾನೆ ಕೊಟ್ಟ ಐದನೇ ಗೇರಿನಲ್ಲಿ ಸುತ್ತುಗಳೂ ಇಳಿಯುತ್ತವೆ. ಕೂಡ್ಲಿಗಿ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆಗೋ ಚಿತ್ರದುರ್ಗಕ್ಕೋ ಒಂದೇ ಸಮನೆ ಓಡಿಸುವವರಿಗೆ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ. ಹಾಗಾಗಿ 1489ರ ಕಾಂಟೆಸ್ಸಾ ಇಟ್ಟುಕೊಂಡವರು 1817ಕ್ಕೆ ಹೋಗಬೇಕೆನ್ನುವುದು ಶೋಕಿ ಅಲ್ಲ. ಕಂಪನಿ ತಾನೇ ತಿದ್ದಿಕೊಂಡ ತಪ್ಪನ್ನು ಅವರೂ ತಿದ್ದಿಕೊಳ್ಳುತ್ತಿದ್ದಾರೆ.

ಆದರೆ ಬದಲಿಸುವ ಮಾತಿಗಿಂತ ಮುಂಚೆ ಇರುವ ಎಂಜಿನ್ ನಿಜಕ್ಕೂ ಸತ್ತಿದೆಯೇ ಎಂದು ನೋಡಬೇಕು. ಹೊಗೆಯ ಬಣ್ಣ ಅರ್ಧ ಹೇಳುತ್ತದೆ. ನೀಲಿಯಾದರೆ ಆಯಿಲ್, ಕಪ್ಪಾದರೆ ಪೆಟ್ರೋಲ್ ಹೆಚ್ಚು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯಾದರೆ ನೀರು ಒಳಗೆ ಸೇರುತ್ತಿದೆ ಎಂದರ್ಥ. ಉಳಿದರ್ಧವನ್ನು ಕಂಪ್ರೆಷನ್ ಗೇಜು ಹೇಳುತ್ತದೆ. ಒಂದೊಂದೇ ಪ್ಲಗ್ಗು ಬಿಚ್ಚಿ ಗೇಜು ಹಚ್ಚಿ ಒತ್ತಡ ಬರೆದುಕೊಳ್ಳಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ದೋಷ ರಿಂಗು ಅಥವಾ ಬೋರಿನದು. ಏರದಿದ್ದರೆ ವಾಲ್ವಿನದೋ ಹೆಡ್ ಗ್ಯಾಸ್ಕೆಟ್ಟಿನದೋ ಆಗಿರುವ ಸಂಭವ ಹೆಚ್ಚು. ಅಷ್ಟಾದರೆ ಹೆಡ್ ಮಾತ್ರ ಇಳಿಸಿದರೆ ಸಾಕು, ಇಡೀ ಎಂಜಿನ್ ಇಳಿಸಬೇಕಿಲ್ಲ. ಈ ಹತ್ತು ನಿಮಿಷದ ಕೆಲಸ ಮಾಡದೆ ‘ಎಂಜಿನ್ ಹೋಯ್ತು’ ಎಂದು ತೀರ್ಮಾನಿಸಿ, ಚೆನ್ನಾಗಿದ್ದ ಬ್ಲಾಕನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಬ್ಲಾಕನ್ನು ಈಗ ಜಗತ್ತಿನಲ್ಲಿ ಯಾರೂ ಎರಕ ಹೊಯ್ಯುತ್ತಿಲ್ಲ.

ಇನ್ನು ನೀರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಎಂಬ ನಮ್ಮ ಐದೂ ತಾಲ್ಲೂಕುಗಳಲ್ಲಿ ಎಂಜಿನ್ನುಗಳನ್ನು ಕೊಂದದ್ದು ಓಟಕ್ಕಿಂತ ಹೆಚ್ಚಾಗಿ ನೀರು ಎಂಬುದು ನನ್ನ ನಂಬಿಕೆ. ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣ ಪದರವಾಗಿ ಕೂರುತ್ತದೆ. ಮನೆಯಲ್ಲಿ ಬಿಸಿನೀರಿನ ಹಂಡೆಯ ತಳದಲ್ಲಿ ಕಾಣುವ ಬಿಳಿ ಹಕ್ಕಳೆಯೇ ರೇಡಿಯೇಟರಿನ ಕೊಳವೆಗಳಲ್ಲೂ ಸಿಲಿಂಡರಿನ ಸುತ್ತ ನೀರು ಹರಿಯುವ ದಾರಿಗಳಲ್ಲೂ ಕಟ್ಟುತ್ತದೆ. ಹಕ್ಕಳೆ ಶಾಖವನ್ನು ದಾಟಗೊಡುವುದಿಲ್ಲ. ಮೀಟರಿನ ಮುಳ್ಳು ನಿಧಾನವಾಗಿ ಮೇಲೇರಿ, ಒಂದು ಬೇಸಿಗೆಯ ಮಧ್ಯಾಹ್ನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಮಾಲೀಕ ಎಂಜಿನ್ ಬದಲಿಸುತ್ತಾನೆ, ಹಳೆಯ ರೇಡಿಯೇಟರನ್ನೇ ಉಳಿಸಿಕೊಳ್ಳುತ್ತಾನೆ, ಮತ್ತೆ ಅದೇ ಬೋರಿನ ನೀರು ತುಂಬುತ್ತಾನೆ. ಎರಡು ವರ್ಷಕ್ಕೆ ಮತ್ತೆ ಅದೇ ಕಥೆ. ಯಾವ ಎಂಜಿನ್ ಕೂರಿಸಿದರೂ ರೇಡಿಯೇಟರ್ ಬಿಚ್ಚಿಸಿ ಕೊಳವೆಗಳಿಗೆ ಸಲಾಕೆ ಹೊಡೆಸಬೇಕು, ಆಗದಿದ್ದರೆ ಹೊಸ ಕೋರ್ ಹಾಕಿಸಬೇಕು. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿಯೇ ತುಂಬಬೇಕು. ಇಡೀ ಕೆಲಸದಲ್ಲಿ ಇದೇ ಅತಿ ಅಗ್ಗದ ಬಾಬತ್ತು.

ದೊಡ್ಡ ಎಂಜಿನ್ನಿನ ಆಸೆ ಇರುವವರಿಗೆ ಶಾಖದ ಲೆಕ್ಕ ಇನ್ನೂ ಮುಖ್ಯ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಚಕ್ರದ ಕಡೆಗೆ ಹೋದರೆ ಹೆಚ್ಚು. ಇನ್ನೊಂದು ಭಾಗ ಸೈಲೆನ್ಸರಿನಲ್ಲಿ ಹೋಗುತ್ತದೆ, ಮತ್ತೊಂದು ನೀರಿಗೆ ಇಳಿಯುತ್ತದೆ. ಅಂದರೆ ಎಂಜಿನ್ ಎಷ್ಟು ಕೆಲಸ ಮಾಡುತ್ತದೋ ಹೆಚ್ಚು ಕಡಿಮೆ ಅಷ್ಟೇ ಶಾಖವನ್ನು ರೇಡಿಯೇಟರ್ ಹೊರಹಾಕಬೇಕು. 88 ಅಶ್ವಶಕ್ತಿಗೆ ಅಳೆದು ಮಾಡಿದ ರೇಡಿಯೇಟರಿನ ಹಿಂದೆ 220 ಅಶ್ವಶಕ್ತಿಯ ಎಂಜಿನ್ ಇಟ್ಟರೆ ಏನಾದೀತು? ಖಾಲಿ ರಸ್ತೆಯಲ್ಲಿ ಹದವಾಗಿ ಓಡಿಸಿದರೆ ಏನೂ ಆಗದು. ಆಗ ಪೂರ್ತಿ ಶಕ್ತಿ ಯಾರಿಗೂ ಬೇಕಿಲ್ಲ, ಎದುರುಗಾಳಿಯೂ ಸಿಗುತ್ತದೆ. ಪರೀಕ್ಷೆ ಇರುವುದು ಗಾಡಿ ನಿಂತಾಗ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರಿನ ಜನಜಂಗುಳಿಯಲ್ಲೋ, ಮೈಲಾರದ ಕಾರಣಿಕ ಕೇಳಿ ಹೊರಟವರ ಸಾಲಿನಲ್ಲೋ ಎಸಿ ಹಾಕಿಕೊಂಡು ಮೊದಲ ಗೇರಿನಲ್ಲಿ ತೆವಳುವಾಗ ರೇಡಿಯೇಟರಿಗೆ ಸಿಗುವುದು ಫ್ಯಾನಿನ ಗಾಳಿ ಮಾತ್ರ. ಬೇಸಿಗೆಯಲ್ಲಿ ಆ ಗಾಳಿಯೇ 40 ಡಿಗ್ರಿ ಇರುತ್ತದೆ.

ಜಪಾನಿನ ಆರು ಸಿಲಿಂಡರು ಎಂದೆನಲ್ಲ, ಟೊಯೊಟಾ ಕಂಪನಿಯ 2ಜೆಜಡ್ ಎಂಜಿನ್ನಿನ ಮಾತು ಅದು. 86ಕ್ಕೆ 86 ಮಿಲಿಮೀಟರಿನ ಆರು ಸಿಲಿಂಡರು, 2997 ಸಿಸಿ, ಟರ್ಬೊ ಇಲ್ಲದೆಯೂ ಸುಮಾರು 220 ಅಶ್ವಶಕ್ತಿ. ಎರಕದ ಕಬ್ಬಿಣದ ಬ್ಲಾಕು ಎಷ್ಟು ಗಟ್ಟಿ ಎಂದರೆ ಮಾರ್ಪಾಡು ಮಾಡುವವರು ಅದರ ಮೇಲೆ ಬೆಟ್ಟದಷ್ಟು ಭಾರ ಹೇರುತ್ತಾರೆ. ಕಾಂಟೆಸ್ಸಾದ ಬಾನೆಟ್ಟಿನೊಳಗೆ ಅದನ್ನು ಕೂರಿಸಬಹುದು. ಆದರೆ ನಾಲ್ಕು ಸಿಲಿಂಡರಿನ ಜಾಗದಲ್ಲಿ ಸಾಲಾಗಿ ಆರು ನಿಂತರೆ ರೇಡಿಯೇಟರ್ ಮುಂದೆ ಸರಿಯಬೇಕು, ಫ್ಯಾನು ವಿದ್ಯುತ್ತಿನದಾಗಬೇಕು, ಗೇರ್‌ಬಾಕ್ಸ್ ಬದಲಾಗಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಬೇಕು. ಇಷ್ಟಾದ ಮೇಲೂ ಹಿಂದಿನ ಡಿಫರೆನ್ಷಿಯಲ್ ಹಳೆಯದೇ, ಬ್ರೇಕು ಹಳೆಯದೇ. ವೇಗ ಹೆಚ್ಚಿಸಿ ನಿಲ್ಲಿಸುವ ಶಕ್ತಿಯನ್ನು ಹಾಗೇ ಬಿಟ್ಟರೆ ಮಕ್ಕಳನ್ನು ಆ ಗಾಡಿಯಲ್ಲಿ ಕೂರಿಸಲು ನನಗೆ ಧೈರ್ಯ ಬರುವುದಿಲ್ಲ. ಅದರ ಸೆನ್ಸರೊಂದು ಹಗರಿಬೊಮ್ಮನಹಳ್ಳಿಯ ಸಂತೆ ದಿನ ಕೈಕೊಟ್ಟರೆ ಯಾರು ನೋಡುತ್ತಾರೆ ಎಂಬುದು ಬೇರೆಯೇ ಮಾತು.

ಅಮೆರಿಕದವರೂ ಹಳೇ ಕಾರಿಗೆ ಎಂಜಿನ್ ಆರಿಸುವುದು ಇದೇ ಲೆಕ್ಕದಲ್ಲಿ. ಅಲ್ಲಿ ಶೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಇಷ್ಟು ಜನಪ್ರಿಯವಾಗಿರುವುದು ಅದು ಎಲ್ಲಕ್ಕಿಂತ ಬಲಶಾಲಿ ಎಂದಲ್ಲ. 1955ರಿಂದ ಅಷ್ಟು ಸಂಖ್ಯೆಯಲ್ಲಿ ಬಂದಿರುವುದರಿಂದ ಪ್ರತಿ ಊರಿನ ಗುಜರಿಯಲ್ಲೂ ಸಿಗುತ್ತದೆ, ಪ್ರತಿ ಮೆಕ್ಯಾನಿಕ್ಕಿಗೂ ಕೈಪಳಗಿದೆ. ಹಾಗಾದರೆ ನಮ್ಮ ಸ್ಮಾಲ್ ಬ್ಲಾಕ್ ಯಾವುದು?

ನನ್ನ ಉತ್ತರ: ಅಂಬಾಸಡರಿನ ಎಂಜಿನ್. 1990ರ ದಶಕದಿಂದ ಅಂಬಾಸಡರ್ 1800 ಐಎಸ್‌ಜಡ್‌ನಲ್ಲಿ ಬಂದದ್ದು ಇಸುಜುವಿನ ಇದೇ 1817 ಸಿಸಿ ಎಂಜಿನ್, ಶಕ್ತಿ ಸ್ವಲ್ಪ ತಗ್ಗಿಸಿದ್ದು. ಅದೇ ಕಂಪನಿಯ ಕಾರು, ಅದೇ ವಂಶದ ಐದು ಗೇರಿನ ಬಾಕ್ಸು. ಅಂಬಾಸಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುತ್ತಿಲ್ಲ. ಹಾಗಾಗಿ ಕಚೇರಿಗಳ ಹಿಂದೆ ನಿಂತಿದ್ದ ಬಿಳಿ ಅಂಬಾಸಡರುಗಳು ಗುಜರಿಯ ದಾರಿ ಹಿಡಿಯುತ್ತಿರುವ ಕಾಲ ಇದು. ಬೇಕಾದವರು ಈಗಲೇ ಹುಡುಕಬೇಕು. ಈ ಫಸಲು ಮತ್ತೆ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳ ಹಳೇ ಬಿಡಿಭಾಗಗಳ ಅಂಗಡಿಗಳ ಕಡೆ ಹೋಗುವ ಮುಂಚೆ ನಿಮ್ಮ ಎಂಜಿನ್ನಿನ ಸಂಪಿನ ಆಕಾರ, ಮೌಂಟಿಂಗಿನ ಬ್ರಾಕೆಟ್ಟು, ಮ್ಯಾನಿಫೋಲ್ಡಿನ ದಿಕ್ಕು, ಬೆಲ್ ಹೌಸಿಂಗಿನ ಬೋಲ್ಟುಗಳ ಅಂತರ ಎಲ್ಲದರ ಫೋಟೊ ಮತ್ತು ಅಳತೆ ತೆಗೆದುಕೊಂಡು ಹೋಗಿ. ಒಂದೇ ವಂಶದ ಎಂಜಿನ್ನಾದರೂ ಬೇರೆ ಕಾರಿಗೆ ಕೂತು ಬಂದದ್ದರಲ್ಲಿ ಇವು ಬೇರೆ ಇರಬಹುದು. ಆಗ ಅದರ ಬ್ಲಾಕು, ನಿಮ್ಮ ಹಳೆಯದರ ಸಂಪು ಮತ್ತು ಬ್ರಾಕೆಟ್ಟು ಸೇರಿಸಿ ಒಂದು ಮಾಡಬಹುದು. ಬಿಲ್ಲು ಮತ್ತು ಯಾವ ಗಾಡಿಯ ಎಂಜಿನ್ ಎಂಬ ಕಾಗದ ಇಲ್ಲದೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಕದ್ದ ಮಾಲಿನ ನಂಬರು ನಿಮ್ಮ ಆರ್‌ಸಿ ಪುಸ್ತಕಕ್ಕೆ ಏರುವುದು ಬೇಡ.

ಡೀಸೆಲ್ ಪಕ್ಷದವರು ನಮ್ಮ ಕಡೆ ಯಾವತ್ತೂ ಹೆಚ್ಚು. ಅದಕ್ಕೆ ಜೀಪು ಕಾರಣ. ವಿಲೀಸ್ ವಂಶದ ಮಹೀಂದ್ರ ಜೀಪಿನ 2.2 ಲೀಟರ್ ಪೆಟ್ರೋಲ್ ಎಂಜಿನ್ ಕುಡಿಯುತ್ತಿದ್ದ ಎಣ್ಣೆಗೆ ಹೆದರಿ ಊರೂರಿನಲ್ಲಿ ಡೀಸೆಲ್ ಕೂರಿಸಿದರು. ಕಂಪನಿಯೂ ಮೊದಲು ಟ್ರ್ಯಾಕ್ಟರ್ ವಂಶದ ಇಂಟರ್‌ನ್ಯಾಷನಲ್ ಡೀಸೆಲ್, ಆಮೇಲೆ ಫ್ರಾನ್ಸಿನ ಪೂಜೋ ಕಂಪನಿಯ 2112 ಸಿಸಿ ಡೀಸೆಲ್ ಹಾಕಿ ಅದೇ ದಾರಿಗೆ ಬಂತು. ಜೀಪಿಗೆ ಅದು ಸರಿ. ಕಡಿಮೆ ಸುತ್ತಿನಲ್ಲಿ ಎಳೆಯುವ ಬಲ ಹೊಲದ ದಾರಿಗೆ ಬೇಕು. ಕಾಂಟೆಸ್ಸಾಗೆ ಇಸುಜುವಿನ 1995 ಸಿಸಿ ಡೀಸೆಲ್ಲನ್ನು ಕಂಪನಿಯೇ ಕೊಟ್ಟಿದ್ದರಿಂದ ಮೌಂಟಿಂಗಿನ ತೊಂದರೆ ಇಲ್ಲ. ಆದರೆ ಪೆಟ್ರೋಲ್ ಕಾಂಟೆಸ್ಸಾದ ನಯವಾದ ಓಟ ಕಂಡವರಿಗೆ ಆ ಗಡಗಡ ಸದ್ದಿನೊಂದಿಗೆ ಸುಮಾರು 55 ಅಶ್ವಶಕ್ತಿಗೆ ಇಳಿಯುವುದು ಮನಸ್ಸಿಗೆ ಹಿಡಿಸದು. ಆರ್‌ಸಿಯಲ್ಲಿ ಇಂಧನ ಬದಲಿಸುವ ತಲೆನೋವು ಅದರ ಮೇಲೆ.

ಆರ್‌ಸಿಯ ಮಾತು ಬಂತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು. ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ ಬದಲಿಸುವುದು ಬೇರೆ ವಿಷಯ. ಅದಕ್ಕೆ ದಾರಿ ಇದೆ. ಮೊದಲೇ ಹೊಸಪೇಟೆಯ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಒಪ್ಪಿಗೆ ಪಡೆದು, ಕೆಲಸ ಮುಗಿದ ಮೇಲೆ ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸಿಕೊಳ್ಳಬೇಕು. ಹರಪನಹಳ್ಳಿಯ ಹಳೇ ಕಾರುಗಳ ಮಾಲೀಕರು ಈ ಕಾಗದದ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದ ತಾಲ್ಲೂಕು ಅದು. ನಿಂತ ಜಾಗ ಬಿಟ್ಟು ಕದಲದ ಕಾರೂ ಮೂರು ಜಿಲ್ಲೆ ಕಂಡಿದೆ. ಅದರ ಕಡತ ಯಾವ ಕಚೇರಿಯಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಇನ್ನೊಂದು ಲೆಕ್ಕವನ್ನು ಬಹಳ ಜನ ಹಾಕುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. 1984ರ ಕಾಂಟೆಸ್ಸಾಗೆ 2034ಕ್ಕೆ ಐವತ್ತು ತುಂಬುತ್ತದೆ. ಇವತ್ತು ಬೇರೆ ಎಂಜಿನ್ ಕೂರಿಸಿದವರ ಮಕ್ಕಳು ಆ ಬಾಗಿಲ ಮುಂದೆ ನಿಂತಾಗ ಅದು ತೆರೆಯದಿರಬಹುದು. ಮೊದಮೊದಲ ವರ್ಷಗಳ ಕಾಂಟೆಸ್ಸಾ ಉಳಿದಿರುವುದೇ ಕಡಿಮೆ. ಅಂಥದ್ದೊಂದು ಮೂಲ ಎಂಜಿನ್ ಸಮೇತ ಮನೆಯಲ್ಲಿದ್ದರೆ, 1817ಕ್ಕೆ ಹೋಗುವುದು ಶೋಕಿ ಅಲ್ಲ ಎಂದು ಮೇಲೆ ಹೇಳಿದ್ದರೂ, ಏದುಸಿರು ಬಿಟ್ಟರೂ ಸರಿ, ಆ 1489ನ್ನೇ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ ಉಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಬೋರಿಗೆ ಇನ್ನು ಜಾಗ ಇಲ್ಲದಿದ್ದರೆ ಸ್ಲೀವ್ ಹಾಕಿಸಿ ಮೊದಲ ಅಳತೆಗೇ ತರಬಹುದು.

ಯಾವುದನ್ನೇ ಉಳಿಸಿಕೊಳ್ಳಿ, ಕಾರ್ಬ್ಯುರೇಟರಿನ ಡಯಾಫ್ರಾಮು, ಪೆಟ್ರೋಲ್ ಪೈಪು, ಪಂಪಿನ ರಬ್ಬರು ಎಲ್ಲ ಹೊಸದು ಹಾಕಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಎಂಬತ್ತರ ದಶಕದ ರಬ್ಬರು ಅದಕ್ಕೆ ಉಬ್ಬಿ ಬಿರುಕು ಬಿಡುತ್ತದೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಎಥನಾಲಿಗೆ ಉರಿಯಲು ಗಾಳಿ ಕಡಿಮೆ ಸಾಕಾಗುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಬಿಸಿಯಾಗಲು ಅದೂ ಒಂದು ಕಾರಣ. ಒಂದು ಅಳತೆ ದೊಡ್ಡ ಜೆಟ್ಟು ಬೇಕೇ ಎಂದು ಪ್ಲಗ್ಗಿನ ಬಣ್ಣ ನೋಡಿ ಮೇಸ್ತ್ರಿ ಹೇಳಬಲ್ಲ.

ಎಂಜಿನ್ ಕೂತ ಮೇಲಿನ ಮೊದಲ ಸಾವಿರ ಕಿಲೋಮೀಟರು ಅದರ ಆಯುಸ್ಸನ್ನು ಬರೆಯುತ್ತದೆ. ಹೋನ್ ಮಾಡಿದ ಸಿಲಿಂಡರಿನ ಗೋಡೆಯಲ್ಲಿ ಅಡ್ಡಡ್ಡ ಗೆರೆಗಳಿರುತ್ತವೆ. ಹೊಸ ರಿಂಗುಗಳು ಅವುಗಳ ಮೇಲೆ ಉಜ್ಜಿಕೊಂಡು ಹೊಂದಿಕೊಳ್ಳಬೇಕು. ಅದಕ್ಕೆ ಒಂದೇ ವೇಗ ಬೇಡ, ಏರಿಳಿತ ಬೇಕು. ದೊಡ್ಡ ಗೇರಿನಲ್ಲಿ ಎಳೆಯಿಸಬಾರದು, ಪೂರ್ತಿ ತುಳಿಯಲೂ ಬಾರದು. ಇದಕ್ಕೆ ನಮ್ಮ ಐದು ತಾಲ್ಲೂಕಿನ ಸುತ್ತಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೂಡ್ಲಿಗಿಯಲ್ಲಿ ನಸುಕಿಗೆ ಎಬ್ಬಿಸಿ ಕೊಟ್ಟೂರಿಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಆಯಿಲ್ ಸೋರಿಕೆ ಕಾಣುತ್ತದೆ. ಹರಪನಹಳ್ಳಿಯಲ್ಲಿ ಬಾನೆಟ್ ಎತ್ತಿ ಹೋಸು, ಕ್ಲಿಪ್ಪುಗಳನ್ನು ಮುಟ್ಟಿ ನೋಡಿ. ಹೂವಿನಹಡಗಲಿಗೆ ಹೋಗುವಾಗ ಮೂರು, ನಾಲ್ಕು, ಐದನೇ ಗೇರುಗಳಲ್ಲಿ ಹತ್ತಿಳಿದು ಓಡಿಸಿ, ಮಲ್ಲಿಗೆ ಮಾರುವವರ ಹತ್ತಿರ ಒಂದು ಮೊಳ ಕೊಂಡು ಸ್ಟಿಯರಿಂಗಿಗೆ ಸುತ್ತಿ. ಹಗರಿಬೊಮ್ಮನಹಳ್ಳಿ ದಾಟಿ ಮತ್ತೆ ಕೂಡ್ಲಿಗಿಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಆ ಕೊನೆಯ ಹಾದಿಯಲ್ಲಿ ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎಂದು ಬರೆದಿಟ್ಟುಕೊಳ್ಳಿ. ಎಂಜಿನ್ ಆರುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ತೆಗೆದು ನೋಡಿದರೆ ಕೂಲಂಟು ತುಂಬಿದ ಮಟ್ಟಕ್ಕೇ ಇರಬೇಕು, ಡಿಪ್ ಸ್ಟಿಕ್ಕಿನ ಆಯಿಲ್‌ನಲ್ಲಿ ನೀರು ಬೆರೆತ ಬಿಳುಪು ಇರಬಾರದು. 500 ಕಿಲೋಮೀಟರಿಗೆ ಮೊದಲ ಆಯಿಲ್ ಬದಲಿಸಿ, ಹಳೆಯ ಆಯಿಲನ್ನು ಬಿಳೀ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದು ನೋಡಿ, ಲೋಹದ ಪುಡಿ ಎಷ್ಟು ಮಿನುಗುತ್ತದೆ ಎಂದು.